ಪ್ರೆಸ್ ನಿಲ್ಲಿಸಿ ಮದ್ದು ಕೊಡುವ ಕೃಪಾ

ಶನಿವಾರ ಬೆಳಗಿನ ಆರೂಕಾಲು. ಚಿಕ್ಕಬಾಣಾವರದ ಒಂದು ವಠಾರದ ಕೊನೆಯ ಕೋಣೆಯಲ್ಲಿ ಮನಶ್ಶಾಸ್ತ್ರಜ್ಞೆ ಕೃಪಾ ಕಿಟಕಿ ತೆರೆದು ಕುಳಿತಿದ್ದಾರೆ. ಹಿತ್ತಲಿನ ಶೆಡ್ಡಿನಲ್ಲಿ ಆಂಜಿನಪ್ಪನವರ ಪ್ರೆಸ್ ಯಂತ್ರ ತಗಡಿನಿಂದ ವಾಷರ್ ಕತ್ತರಿಸುತ್ತ ದಡ್ ದಡ್ ಎನ್ನುತ್ತಿದೆ. ಈ ಗದ್ದಲದಲ್ಲಿ ಮನಸ್ಸಿನ ಗಾಯಕ್ಕೆ ಮದ್ದು ಹಾಕುವುದು ಹೇಗೆ ಎಂದು ಕೇಳಿದರೆ ಅವರಿಗೇ ನಗು ಬರುತ್ತದೆ.

ಎದುರಿಗೆ ಕೊಟ್ರಪ್ಪ. ಕೊಪ್ಪಳದ ಕಡೆಯವರು, ಪೀಣ್ಯದ ಕಾರ್ಖಾನೆಯೊಂದರ ಪ್ರೆಸ್ ಆಪರೇಟರ್. ಹತ್ತು ತಿಂಗಳ ಹಿಂದೆ ಬಲಗೈಯ ಎರಡು ಬೆರಳು ಯಂತ್ರಕ್ಕೆ ಹೋದವು. ಕೃಪಾ ಕಿಟಕಿಯಾಚೆ ಕೈ ಬೀಸುತ್ತಾರೆ. ಪ್ರೆಸ್ ನಿಲ್ಲುತ್ತದೆ. ಕೊಟ್ರಪ್ಪನವರ ಹಣೆಯಲ್ಲಿ ಬೆವರೊಡೆಯುತ್ತದೆ.

“ಕಣ್ಣು ಮುಚ್ಬೇಡಿ ಅಣ್ಣ. ಏನೇನ್ ಕಾಣ್ತಿದೆ ಹೇಳಿ.”

“ಕ್ಯಾಲೆಂಡರ್ ಐತ್ರಿ... ನಿಮ್ಮ ಛತ್ರಿ ಐತಿ... ಸಾಕ್ರಿ ಮೇಡಂ, ಚಾಲೂ ಮಾಡಸ್ರಿ.”

ಮತ್ತೆ ಕೈ ಬೀಸು, ಮತ್ತೆ ದಡ್ ದಡ್. ಇವತ್ತು ಪ್ರೆಸ್ ನಿಂತದ್ದು ಎಂಟು ನಿಮಿಷ. ಶುರುವಾದಾಗ ಹತ್ತು ಸೆಕೆಂಡೂ ಆಗುತ್ತಿರಲಿಲ್ಲ.

ಕೃಪಾ ಇದೇ ಊರಿನ ಮಗಳು. ಓದು ಮುಗಿಸಿ ನಾಲ್ಕು ವರ್ಷ ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಕೌನ್ಸೆಲರ್ ಆಗಿದ್ದರು. ಅಲ್ಲಿ ಮೆತ್ತನೆ ಕಾರ್ಪೆಟ್ಟು, ಮುಚ್ಚಿದ ಬಾಗಿಲು, ಸೂಜಿ ಬಿದ್ದರೂ ಕೇಳುವ ಮೌನ. ಆ ಮೌನವೇ ಔಷಧ ಎಂದು ನಂಬಿಕೊಂಡು, ಕೆಲಸ ಬಿಟ್ಟು ಬಂದು ಇಲ್ಲಿನ ಕಾರ್ಮಿಕರಿಗಾಗಿ ಅಪ್ಪ ಚಿನ್ನಪ್ಪನವರ ವಠಾರದಲ್ಲಿ ಒಂದು ಮನೆ ಕೇಳಿ ಪಡೆದರು. ಮೊದಲ ಪಾಳಿಗೆ ಮುಂಚೆ ಇಬ್ಬರು, ಸಂಜೆ ನಾಲ್ವರು ಬರುತ್ತಾರೆ. “ಬಾಡಿಗೆಗೆ ಕೊಡೋ ಮನೇನ ಮಾತಾಡೋಕೆ ಇಟ್ಕೊಂಡವ್ಳೆ” ಎಂದು ಚಿನ್ನಪ್ಪ ಇವತ್ತಿಗೂ ರೇಗಿಸುತ್ತಾರೆ.

ಎಡವಟ್ಟಾದದ್ದೂ ಆ ಮೌನದಿಂದಲೇ. ಕೊಟ್ರಪ್ಪ ಮೊದಲ ಸಲ ಬಂದಾಗ ಪಾಪ, ಸದ್ದಿಗೆ ಹೆದರಿಯಾರು ಎಂದು ಕೃಪಾ ಪ್ರೆಸ್ ನಿಲ್ಲಿಸಿ ಕಿಟಕಿ ಮುಚ್ಚಿದ್ದರು. ಮನುಷ್ಯ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿಹೋದರು. ಮೂರು ವಾರ ಆಸಾಮಿಯ ಸುಳಿವಿಲ್ಲ. ಕೃಪಾಗೆ ತಲೆಬುಡ ಅರ್ಥವಾಗಲಿಲ್ಲ. ಕೊನೆಗೆ ಚಪ್ಪಲಿ ಒಯ್ಯಲು ಬಂದ ಹೆಂಡತಿ ಹನುಮವ್ವ ಹೇಳಿದರು: “ಬೆರಳು ಹೋದಾಗ ಎಲ್ಲಾ ಮಷಿನ್ ಬಂದ್ ಮಾಡಿದ್ರಂತ್ರೀ. ಆ ಸುಮ್ಮನಿರೂದ್ರಾಗ ತನ್ನ ಚೀರೂ ದನಿ ಅಷ್ಟ ಕೇಳ್ತಿತ್ತಂತ.”

ಹಾಗಾದರೆ ಈ ಮನುಷ್ಯನ ಭಯ ಸದ್ದಲ್ಲ, ಸದ್ದಿಲ್ಲದಿರುವುದು. ಅವರನ್ನು ಮತ್ತೆ ಕರೆಸಿಕೊಂಡು, ಅಂದಿನಿಂದ ಕೃಪಾ ಮೌನವನ್ನು ಚಮಚದ ಲೆಕ್ಕದಲ್ಲಿ ಕೊಡುತ್ತಿದ್ದಾರೆ. “ಇದ್ಯಾವ ಔಸ್ದಿನವ್ವಾ? ಇಂಗೆ ನಿಲ್ಸು ಅಂತೀಯಾ, ಅಂಗೆ ಆಕು ಅಂತೀಯಾ” ಎಂದು ಗೊಣಗುತ್ತಲೇ ಆಂಜಿನಪ್ಪ ಸ್ವಿಚ್ಚಿನ ಪಕ್ಕದಲ್ಲೇ ನಿಂತಿರುತ್ತಾರೆ.

ಆದರೂ ಗೊಂದಲ ತಪ್ಪಿಲ್ಲ. ಸೋಮವಾರ ಕೊಟ್ರಪ್ಪ ಅದೇ ಪ್ರೆಸ್ಸಿಗೆ ಮರಳಬೇಕು. ಅಲ್ಲಿ ಮಧ್ಯಾಹ್ನದ ಊಟಕ್ಕೆ ಎಲ್ಲ ಯಂತ್ರಗಳೂ ಅರ್ಧ ಗಂಟೆ ನಿಲ್ಲುತ್ತವೆ. ಅಲ್ಲಿಂದಲೂ ಓಡಿದರೆ ಕೆಲಸ ಕೈತಪ್ಪುತ್ತದೆ. ಓಡದೆ ನಿಂತರೆ? ಬೆರಳು ತಿಂದ ಯಂತ್ರದ ಮುಂದೆಯೇ ನಿಲ್ಲಲು ಧೈರ್ಯ ತುಂಬಿದಂತಾಗುತ್ತದೆ. “ನಾನು ಗುಣ ಮಾಡ್ತಿದೀನಾ, ಮತ್ತೆ ಅಲ್ಲಿಗೇ ದಬ್ತಿದೀನಾ? ನಿಜವಾಗ್ಲೂ ಗೊತ್ತಾಗ್ತಿಲ್ಲ ಕಣ್ರೀ. ಆ ಯಂತ್ರಕ್ಕೆ ಕೈ ಸಿಗದ ಹಾಗೆ ಸರಿಯಾದ ಗಾರ್ಡ್ ಹಾಕಿದ್ರೆ ನನ್ನ ಹತ್ರ ಯಾರೂ ಬರೋದೇ ಬೇಡ” ಎನ್ನುವಾಗ ಕೃಪಾ ಅವರ ಕಣ್ಣು ತುಂಬುತ್ತದೆ. ಗಾರ್ಡ್ ಹಾಕಿಸಿ ಎಂದು ಕಾರ್ಖಾನೆಗೆ ಎರಡು ಸಲ ಪತ್ರ ಬರೆದಿದ್ದಾರೆ, ಉತ್ತರವಿಲ್ಲ. ಕೊಟ್ರಪ್ಪನವರದು ಒಂದೇ ಹಟ: “ನನಗ ಬರೂದು ಅದೊಂದ ಕೆಲಸ್ರಿ.”

ಸೋಮವಾರ ಹನ್ನೆರಡೂವರೆ. ಕೃಪಾ ತಟ್ಟೆಗೆ ಅನ್ನ ಬಡಿಸಿಕೊಂಡು, ತಿನ್ನದೆ, ಫೋನನ್ನೇ ನೋಡುತ್ತಿದ್ದಾರೆ. ಅದು ರಿಂಗಣಿಸುತ್ತದೆ.

“ಮೇಡಂ, ಎಲ್ಲಾ ಬಂದ್ ಅದಾವ್ರಿ.”

“ಎಲ್ಲಿದೀರಾ ಅಣ್ಣ? ಹೊರಗಡೆ ಬಂದ್ರಾ?”

“ಇಲ್ರಿ, ಒಳಗ ಅದೀನಿ. ರೊಟ್ಟಿ ಗಂಟು ಬಿಚ್ಚೀನಿ.”

“ಏನೇನ್ ಕಾಣ್ತಿದೆ ಹೇ—”

“ಮಾತಾಡಬ್ಯಾಡ್ರಿ ಮೇಡಂ. ಸುಮ್ನ ಲೈನಿನ್ಯಾಗ ಇರ್ರಿ, ಸಾಕು.”

ಕೃಪಾ ಬಾಯಿ ಮುಚ್ಚಿಕೊಳ್ಳುತ್ತಾರೆ. ಆ ಕಡೆಯಿಂದ ರೊಟ್ಟಿ ಮುರಿಯುವ ಸದ್ದು ಬರುತ್ತದೆ. ಆಮೇಲೆ ಅವರೂ ಒಂದು ತುತ್ತು ಕಲಸುತ್ತಾರೆ. ಊಟದ ಬಿಡುವು ಮುಗಿದ ಸೈರನ್ ಕೂಗುವವರೆಗೆ ಇಬ್ಬರೂ ಒಂದು ಮಾತೂ ಆಡುವುದಿಲ್ಲ.

“ಇಷ್ಟು ಚೆನ್ನಾಗಿ ನಾನು ಯಾವತ್ತೂ ಕೆಲಸ ಮಾಡಿಲ್ಲ” ಎನ್ನುತ್ತಾರೆ ಕೃಪಾ, ತಟ್ಟೆ ತೊಳೆಯುತ್ತ.