ಅತ್ತೆಯ ಡಬ್ಬಿಯೂ ನಂಬಿಗಸ್ಥ ವ್ಯಾಪಾರಿಯೂ

ದೋಣಿಮಲೈ ಕ್ವಾರ್ಟರ್ಸ್ ಬಿಟ್ಟು ಹೊಸಪೇಟೆಗೆ ಬಂದಮೇಲೆ, ನಿವೃತ್ತ ಇಂಜಿನಿಯರಾದ ನನ್ನ ಯಜಮಾನರಿಗೆ ಹಳೆಯ ಸಾಮಾನಿನ ಹುಚ್ಚು ಹಿಡಿಯಿತು. ಆ ವಯಸ್ಸಿಗೆ ಬೇರೆಯವರು ವಾಕಿಂಗ್ ಹೋಗುತ್ತಾರೆ; ಇವರು ಹಂಪಿಗೆ ಹೋಗಿ ದೀಪ, ಗಂಟೆ, ಬೀಗ ಹೊತ್ತು ತರುತ್ತಿದ್ದರು. ಎಲ್ಲವೂ ಅರಸರ ಕಾಲದ್ದೇ. ಒಂದು ಗಂಟೆಯನ್ನು ನಾನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ ನೋಡಿ, ಅರಸರ ಕಾಲವೆಲ್ಲ ತೊಳೆದುಹೋಗಿ ಯಾವುದೋ ಕಂಪನಿಯ ಮುದ್ರೆ ಎದ್ದು ಬಂತು.

ಅಂದೇ ಅತ್ತೆ ಅಪ್ಪಣೆ ಹೊರಡಿಸಿದರು: "ಲೇ, ನಂಬಿಗಸ್ಥ ವ್ಯಾಪಾರಿ ಸಿಗೋತನಕ ಇನ್ನೊಂದು ಚಮಚಾನೂ ಮನಿಯೊಳಗ ತರಬ್ಯಾಡ." ಪರೀಕ್ಷೆಯ ದಾರಿಯನ್ನೂ ಅವರೇ ಹೇಳಿಕೊಟ್ಟರು. ತಮ್ಮ ಎಲೆ-ಅಡಿಕೆಯ ಹಿತ್ತಾಳೆ ಡಬ್ಬಿಯನ್ನು ಮಗನ ಕೈಗಿಟ್ಟು, "ಇದನ್ನ ತೋರ್ಸು. ಖರೇ ಹೇಳಿದಾಂವ ನಂಬಿಗಸ್ಥ," ಎಂದರು.

ಆ ಡಬ್ಬಿ ಅವರು ಮದುವೆಯಾಗಿ ಬರುವಾಗ ಮೆಟ್ರಿಯ ತವರಿನಿಂದ ತಂದದ್ದು, ಏಳು ತಲೆಮಾರಿನದು. ನಾನು ಸೊಸೆಯಾಗಿ ಬಂದಾಗಿನಿಂದ ಈ ಮಾತು ಕೇಳುತ್ತಿದ್ದೇನೆ. ನೆಂಟರು ಬಂದರೆ ಕಾಫಿಗಿಂತ ಮೊದಲು ಡಬ್ಬಿ ಹೊರಗೆ ಬರುತ್ತಿತ್ತು.

ನಾನೂ ಯಜಮಾನರೂ ಹೊರಟೆವು. ಕಡ್ಡಿರಾಂಪುರದ ರಸ್ತೆಬದಿಯ ಅಂಗಡಿಯವನು ಡಬ್ಬಿಯನ್ನು ಕಣ್ಣಿಗೊತ್ತಿಕೊಂಡು, "ರಾಣಿವಾಸದ್ದು ಸರ್!" ಎಂದ. ಹೊಸಪೇಟೆಯವನು ಮೂಗು ಮುರಿದು, "ಗುಜರಿ ಮಾಲು, ಇಟ್ಟು ಹೋಗ್ರಿ" ಎಂದ. ಯಜಮಾನರು ಇಬ್ಬರನ್ನೂ ನಪಾಸು ಮಾಡಿದರು.

ಸಂಡೂರಿನ ವ್ಯಾಪಾರಿ ದೊಡ್ಡ ಹೊಟ್ಟೆಯ, ಸಿಡುಕು ಮುಖದ ಆಸಾಮಿ. ಡಬ್ಬಿ ಯಾರದೆಂದು ಕೇಳಿಕೊಂಡು, ಮುಚ್ಚಳ ತೆರೆದು ನೋಡಿ, "ಈ ಕೀಲು ಮಷೀನಿನ ಕೆಲಸ ಐತ್ರಿ. ನಿಮ್ಮ ತಾಯಾರ ಮದುವಿ ಹೊತ್ತಿಗೆ ಬಜಾರದಾಗ ತಗೊಂಡಿರಬೇಕು. ಭಾಳ ಹಳೇದೇನಲ್ಲ," ಎಂದು ಡಬ್ಬಿ ವಾಪಸು ಕೊಟ್ಟ.

ಯಜಮಾನರು ತಾವೂ ಕೀಲನ್ನು ತಿರುಗಿಸಿ ನೋಡಿದರು; ಇಂಜಿನಿಯರ ಕಣ್ಣಿಗೂ ಅದು ಖರೇ. ಅವರ ಮುಖ ಅರಳಿತು. ಕೊನೆಗೂ ಸಿಕ್ಕ! ಆದರೆ ಬಸ್ಸು ಘಾಟಿ ಇಳಿಯುವಷ್ಟರಲ್ಲಿ ಅದೇ ಮುಖ ಬಾಡಿತು. ಅವನು ನಂಬಿಗಸ್ಥನೆಂದು ಮನೆಯಲ್ಲಿ ಹೇಳಬೇಕಾದರೆ, ಅವ್ವನ ತವರಿನ ಏಳು ತಲೆಮಾರು ಸುಳ್ಳೆಂದೂ ಹೇಳಬೇಕು. ಎಂಬತ್ತು ದಾಟಿದ ಜೀವ. ನನಗೆ ಒಂದು ಕಡೆ ನಗು, ಒಂದು ಕಡೆ ಸಂಕಟ.

ಬಾಗಿಲಲ್ಲೇ ಅತ್ತೆ ಕೇಳಿದರು, "ಏನಂದ್ರು?"

"ಎಲ್ಲಾರೂ ಕಳ್ಳರು ಅವ್ವ. ಸಂಡೂರಿನಾಂವಗಂತೂ ಏನೂ ತಿಳಿಯಂಗಿಲ್ಲ. ಈ ಉಸಾಬರಿ ಬಿಟ್ಟೆ ನಾ," ಎಂದು ಯಜಮಾನರು ನೇರವಾಗಿ ಬಚ್ಚಲಿಗೆ ನಡೆದರು. ಅಷ್ಟು ಆಸೆಪಟ್ಟು ಹುಡುಕಿದವನನ್ನು ಒಂದೇ ಮಾತಿಗೆ ಬಿಟ್ಟುಕೊಟ್ಟರಲ್ಲ, ನನಗೆ ಅವರ ಮೇಲೆ ಬಹಳ ಪ್ರೀತಿ ಬಂತು.

ಅತ್ತೆ ನನ್ನನ್ನು ಹತ್ತಿರ ಕರೆದರು. "ಸಂಡೂರಿನಾಂವ ಬಜಾರದ್ದು ಅಂದನಿಲ್ಲ?"

ನಾನು ಬಚ್ಚಲಿನ ಕಡೆ ನೋಡಿದೆ.

"ತಗೊಳ್ಳುವಾಗ ನಾನೂ ಅಂಗಡ್ಯಾಗ ಇದ್ದೆ. ಕಂಪ್ಲಿ ಬಜಾರ. ಗಂಡನ ಮನ್ಯಾಗ ನಿನ್ನ ಕಡಿಮಿ ನೋಡಬಾರದು, ಏಳು ತಲಿಮಾರಿಂದು ಅಂತ ಹೇಳು ಅಂದಿದ್ದ ನಮ್ಮಪ್ಪ."

ಬಚ್ಚಲಿನಲ್ಲಿ ನೀರಿನ ಸದ್ದು ಜೋರಾಗಿಯೇ ಇತ್ತು. ಅತ್ತೆ ನಕ್ಕರು, ಹಾಗೇ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನನ್ನ ಮರ್ಯಾದಿಗೆ ಅಂತ ಸುಳ್ಳು ಹೇಳಿದಾವ್ರು ಇಬ್ಬರ ನೋಡು. ಅವತ್ತು ನಮ್ಮಪ್ಪ, ಇವತ್ತು ನನ್ನ ಮಗ."