ಸಕ್ಕರೆ ಇಲ್ಲದ ಕ್ಯಾಸೆಟ್ಟು

ನೀವು ಊರು ಬಿಡುವ ಮೊದಲೇ ನಿಮ್ಮ ದನಿ ಮಸ್ಕಿಯ ಹೋಟೆಲಿಗೆ ಹೋಗಿ ಕೂತದ್ದುಂಟೇ? ನನ್ನ ತಂಗಿಯದು ಕೂತಿತ್ತು. ಅದೂ ಎಂಬತ್ತರ ದಶಕ ಮುಗಿಯುತ್ತಿದ್ದಾಗ, ನಮ್ಮ ಯಾರ ಕೈಯಲ್ಲೂ ಫೋನಿಲ್ಲದ ಕಾಲದಲ್ಲಿ.

ಈಚೆಗೆ ಮೊಮ್ಮಗಳು ಫೋನಿನಲ್ಲಿ ಟೈಪ್ ಮಾಡುವುದನ್ನು ಕಲಿಸಿ ನನ್ನನ್ನು ಮನೆತನದ ಗುಂಪಿಗೆ ಸೇರಿಸಿದಳು. ದೂರದ ಕೂಸಿನ ತೊದಲು ಮಾತು ಬಂತು, ಹಿಗ್ಗಿದೆ. ಅದರ ಬೆನ್ನಿಗೇ, ನಲ್ಲಿ ನೀರಿಗೆ ಜಗಳಾಡುವ ಯಾವುದೋ ಊರಿನ ಹೆಂಗಸಿನ ವಿಡಿಯೋ ಬಂತು. ಕೆಳಗೆ ನಮ್ಮವರೇ ಹಲ್ಲು ಕಿರಿದ ಮುಖಗಳನ್ನು ಸಾಲಾಗಿ ಅಂಟಿಸಿದ್ದರು. ಹೇಸಿಗೆಯಾಯಿತು. ಆ ಹೇಸಿಗೆ ನನಗೆ ಹಳೆಯ ಪರಿಚಯ.

ಗೊರೇಬಾಳದಲ್ಲಿ ಚಿಕ್ಕಪ್ಪನ ಮಗಳ ಮದುವೆ. ನಮ್ಮಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ತಾಯಿಯನ್ನು, ಅಂದರೆ ಬೀಗತಿಯನ್ನು, ನಡುವೆ ಕೂರಿಸಿಕೊಂಡು ಹಾಡಿನಲ್ಲೇ ಬೈಯುತ್ತಾರೆ. ಗಂಡಸರನ್ನು ಮೊದಲು ಹೊರಗೆ ಅಟ್ಟಿರುತ್ತೇವೆ. ಹಾಡು ಮುಗಿದ ಮೇಲೆ ಬೈದವಳೇ ಎದ್ದು ಬೀಗತಿಗೆ ಕುಂಕುಮ ಹಚ್ಚಿ, ಬಾಯಿಗೆ ಸಕ್ಕರೆ ಹಾಕಿ, ಕಾಲು ಮುಟ್ಟಬೇಕು. ಅಲ್ಲಿಗೆ ಬೈಗುಳ ತೊಳೆದು ಹೋಯಿತು. ಆಮೇಲೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಊಟ.

ಅವತ್ತು ಮುಂದೆ ನಿಂತು ಹಾಡಿದವಳು ನನ್ನ ತಂಗಿ. ಅವಳಿಗೆ ಲಿಂಗಸುಗೂರಿನ ಮನೆಯೊಂದರಲ್ಲಿ ಸಂಬಂಧ ನಿಶ್ಚಯವಾಗಿತ್ತು.

“ಬೀಗತಿ ಬಂದಾಳ, ಹಸಿವಿ ಹೊತ್ತು ತಂದಾಳ,
ಹೋಳಿಗಿ ಮುಗದ್ರ ಹಂದರನ ತಿಂದಾಳ.”

ಇದು ಸಭ್ಯವಾದ ನುಡಿ. ಉಳಿದವನ್ನು ಇಲ್ಲಿ ಟೈಪ್ ಮಾಡಲಾರೆ, ಮೊಮ್ಮಗಳು ಓದುತ್ತಾಳೆ.

ತವರುಮನೆ ಮುಕ್ಕುಂದದಲ್ಲಿ ನಮ್ಮವ್ವ ಕಾಲು ಮುರಿದುಕೊಂಡು ಮಲಗಿದ್ದಳು. ಅವಳೂ ಕೇಳಲಿ ಎಂದು ನನ್ನ ಮೈದುನನ ಟೇಪ್ ರೆಕಾರ್ಡರ್ ಇಟ್ಟು ಹಾಡನ್ನು ತುಂಬಿಸಿಕೊಂಡು ಒಯ್ದೆವು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಸಕ್ಕರೆ ಹಾಕುವಾಗಿನ ಬಳೆ ಸದ್ದು ಬಂದಾಗ ಕಣ್ಣೊರೆಸಿಕೊಂಡಳು. ಮದುವೆಯೇ ಮಂಚದ ಹತ್ತಿರ ಬಂದಂತಾಗಿತ್ತು ಅವಳಿಗೆ.

“ಒಂದು ಸಲ ಕೇಳಿ ಕೊಡ್ತೀನಿ ಬೇ” ಅಂತ ಓಣಿಯವಳೊಬ್ಬಳು ಇಸಕೊಂಡು ಹೋದಳು. ಅವಳಿಂದ ಅವಳ ತಮ್ಮ, ತಮ್ಮನಿಂದ ಅವನ ಗೆಳೆಯ. ಗೆಳೆಯ ಸಿಂಧನೂರಿನ ರೆಕಾರ್ಡಿಂಗ್ ಅಂಗಡಿಗೆ ಒಯ್ದ. ಯಾರೂ ಕದಿಯಲಿಲ್ಲ, ಎಲ್ಲರೂ ಕೇಳಿಯೇ ಇಸಕೊಂಡರು. ಓಣಿಯವಳ ಆಚೆಗೆ ನಮ್ಮನ್ನು ಮಾತ್ರ ಯಾರೂ ಕೇಳಲಿಲ್ಲ. ಅಂಗಡಿಯವನು ಸಿನೆಮಾ ಹಾಡುಗಳ ನಡುನಡುವೆ ನಮ್ಮ ಬೈಗುಳಗಳನ್ನು ತುರುಕಿ ಮಾರಿದ. ಸಕ್ಕರೆಯಲ್ಲಿ ಮಜಾ ಇಲ್ಲವಲ್ಲ, ಅದನ್ನು ಕತ್ತರಿಸಿದ್ದ.

ತಂಗಿಯ ಮದುವೆಯ ಸೀರೆ ನೋಡಲು ಇಬ್ಬರೂ ಮಸ್ಕಿಗೆ ಹೋಗಿದ್ದೆವು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಅವಳ ದನಿ ಕೇಳಿಸಿತು. ಗಂಡಸರು ಮಿರ್ಚಿಯ ಎಣ್ಣೆಗೈಯಲ್ಲೇ ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳುತ್ತಿದ್ದರು. ಒಬ್ಬ ಕೀರಲು ದನಿ ತೆಗೆದು ಅವಳಂತೆಯೇ ಹಾಡಿದ. ಇನ್ನೊಬ್ಬ ಹಲ್ಲು ಕೆದಕುತ್ತ, “ಈಕಿ ಬಾಯಾಗ ಇಷ್ಟು ಐತಂದ್ರ ಕೈಯಾಗ ಎಷ್ಟಿರಬಾರ್ದಲೇ” ಅಂದ. ಎಲ್ಲರೂ ತೊಡೆ ತಟ್ಟಿ ನಕ್ಕರು. ಇಂದಿಗೂ ನಾನು ಮಿರ್ಚಿ ಮುಟ್ಟುವುದಿಲ್ಲ. ತಂಗಿ ತಿರುಗಿ ಊರಿನ ಬಸ್ಸು ಹತ್ತಿದಳು. ಸೀರೆ ನೋಡಲಿಲ್ಲ.

ಸ್ವಲ್ಪ ದಿನಕ್ಕೆ ಲಿಂಗಸುಗೂರಿನಿಂದ ಸಂಬಂಧ ಬೇಡವೆಂದು ಹೇಳಿ ಕಳಿಸಿದರು. ನಾನೇ ಹೋದೆ. ಹುಡುಗನ ತಾಯಿ ನನ್ನನ್ನು ಒಳಗೂ ಕರೆಯದೆ ಕಟ್ಟೆಯ ಮೇಲೆ ಕೂರಿಸಿದಳು.

“ಮಂದಿ ಬೀಗತಿಗಿ ಹಿಂಗ ಅಂದಾಕಿ, ನಾಳೆ ನನಗೇನು ಬಿಟ್ಟಾಳು?”

“ಅತ್ಯಾರ, ಕಡೀಕ ಸಕ್ಕರಿ ಹಾಕಿ ಕಾಲು ಮುಟ್ಯಾಳ್ರೀ. ನಿಮ್ಮ ಮನ್ಯಾಗೂ ಹಾಡ್ತೀರಲ್ರೀ.”

“ಹಾಡ್ತೀವಿ, ಹೋಟೆಲ್ದಾಗ ಹಾಡಂಗಿಲ್ಲ. ಸಕ್ಕರಿ ಈ ಕ್ಯಾಸೆಟ್ಟಿನಾಗ ಇಲ್ಲಲ್ಲವಾ. ಇದ್ದದ್ದು ಕೇಳೀನಿ, ಇರದದ್ದು ಹ್ಯಾಂಗ ಕೇಳ್ಲಿ?”

ಅಷ್ಟರಲ್ಲಿ ಒಳಗಿನಿಂದ ಅದೇ ಹಾಡು. ಅವಳ ಹೆಣ್ಣುಮಕ್ಕಳು ಟೇಪಿನ ಜೊತೆ ದನಿಗೂಡಿಸಿ ಕಿಸಿಕಿಸಿ ನಗುತ್ತಿದ್ದರು.

“ಹಂಗಾದ್ರ ಆ ಕ್ಯಾಸೆಟ್ಟರ ಕೊಡ್ರೀ, ಒಯ್ತೀನಿ” ಅಂದೆ.

“ಅದು ಇರಲಿ ಬಿಡವಾ. ಹುಡುಗ್ಯಾರು ಕೇಳಾಕತ್ಯಾವ.”

ಆ ಕಟ್ಟೆಯ ಮೇಲೆ ಉಗುಳಿ ಬರಬೇಕೆನಿಸಿತು. ತಂಗಿಯ ಮುಖ ನೆನೆದು ನುಂಗಿಕೊಂಡೆ.

ಮುಕ್ಕುಂದಕ್ಕೆ ಬಂದಾಗ ತಂಗಿ ತಲೆ ತಗ್ಗಿಸಿ ಅಕ್ಕಿ ಕೇರುತ್ತಿದ್ದಳು. ಅಲ್ಲಿ ಆಡಿದ್ದು, ಕ್ಯಾಸೆಟ್ಟು ಇಟ್ಟುಕೊಂಡದ್ದು, ಎಲ್ಲ ಹೇಳಿದೆ.

“ಅಳಬ್ಯಾಡ ಬೇ, ಇನ್ನೊಂದು ಸಲ ಹೋಗಿ ಕೈಕಾಲು ಹಿಡಕೊಂಡು ಕೇಳ್ತೀನಿ.”

ಅವಳು ಮೊರ ಕೆಳಗಿಟ್ಟಳು. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

“ಯಾರು ಅಳಾಕತ್ಯಾರ? ನಾ ಬ್ಯಾಡಂತ, ನನ್ನ ದನಿ ಬೇಕಂತ. ಅಂಥಾ ಮನಿ ಮ್ಯಾಲ ನಿನಗ ಅಷ್ಟು ಜೀವಿದ್ರ, ನೀನ ಹೋಗಿ ಅವರ ಸೊಸಿಯಾಗಕ್ಕಾ.”