ನಾಗಿಯ ಕೂಗು, ಚಿಮ್ಮುವಿನ ಆಟ

ಶೆಟಗೇರಿಯ ನಾಗಿಗೆ ನೀರಿನ ಭಯವಿದೆ ಎಂದರೆ ಯಾರೂ ನಂಬುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ಅವಳು ನೀರಲ್ಲೇ ದುಡಿದವಳು. ಗದ್ದೆ ಕೆಲಸ ಇಲ್ಲದಾಗ ಇಳಿತದ ಹೊತ್ತು ನೋಡಿಕೊಂಡು, ಗಂಗಾವಳಿ ಸಮುದ್ರ ಸೇರುವ ಕಡೆ ಸೊಂಟದುದ್ದ ನೀರಿಗಿಳಿದು, ಕಾಲಿನಿಂದ ಕೆಸರು ತಡಕಿ ಬಳಚು ಎಂಬ ಚಿಪ್ಪುಮೀನು ಆರಿಸುತ್ತಾಳೆ. ಪಾದಕ್ಕೆ ತಗುಲಿದ್ದು ಕಲ್ಲೋ ಚಿಪ್ಪೋ ಎಂದು ಬಗ್ಗಿ ನೋಡುವ ಅಗತ್ಯ ಅವಳಿಗಿಲ್ಲ. ಆದರೂ ನೀರಿಗೆ ಕಾಲಿಡುವಾಗ ಪ್ರತಿಸಲವೂ ಎದೆ ಡವಡವ ಎನ್ನುತ್ತದೆ.

ಬಳಚು ಆರಿಸುವ ಹೆಂಗಸರಲ್ಲಿ ಒಂದು ಕಟ್ಟಳೆ ಇದೆ. ನೀರಿನ ಮೇಲೆ ಯಾರ ಹೆಸರನ್ನೂ ಕೂಗಬಾರದು. ಹೊಳೆ ಕೇಳಿಸಿಕೊಂಡ ಹೆಸರನ್ನು ಮರೆಯುವುದಿಲ್ಲ, ಒಂದಲ್ಲ ಒಂದು ದಿನ ಆ ಹೆಸರಿನವರನ್ನು ಕೇಳಿ ಪಡೆಯುತ್ತದೆ ಎಂಬ ನಂಬಿಕೆ. ನಾಗಿಯ ತಮ್ಮ ಬೀರುವನ್ನು ಯಾರೋ ದೋಣಿಯಿಂದ ಹೆಸರು ಹಿಡಿದು ಕರೆದಿದ್ದರಂತೆ. ಅದೇ ಮಳೆಗಾಲದಲ್ಲಿ ಅವನು ಹೊಳೆಯ ಪಾಲಾದ. ಹಾಗಾಗಿ ನೀರು ತಿರುಗಿ ಏರತೊಡಗಿದರೆ ಹೆಂಗಸರು "ಕೂ..." ಎಂದು ಉದ್ದಕ್ಕೆ ಕೂಗುತ್ತಾರೆ. ಕೇಳಿದವರು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ದಡಕ್ಕೆ ಬರಬೇಕು.

ನಾಗಿಯ ಮಗಳು ವೀಣಾ ಕಾರವಾರದಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಆ ಬೇಸಿಗೆ ರಜೆಯಲ್ಲಿ ಅವಳು ತನ್ನ ಮಗಳು ಪ್ರಗತಿಯನ್ನು ಅಜ್ಜಿಯ ಬಳಿ ಬಿಟ್ಟು ಹೋದಳು. ಜತೆಗೆ ತನ್ನ ಹಳೆಯ ಮೊಬೈಲನ್ನೂ ಕೊಟ್ಟಳು. ಅದರಲ್ಲಿ ಚಿಮ್ಮುವಿನ ಆಟ ಇತ್ತು.

ಚಿಮ್ಮು ಎಂದರೆ ಟಿವಿಯಲ್ಲಿ ಬರುವ ನೀರುನಾಯಿ ಮರಿ. ನಾಗಿಗೂ ಆ ಕಾರ್ಯಕ್ರಮ ಇಷ್ಟ. ಕತ್ತಲಾಗುವ ಹೊತ್ತಿಗೆ ತಾಯಿ ನೀರುನಾಯಿ "ಕೂ... ಬಾ ಮಗೂ, ಬಾ" ಎಂದು ಕರೆಯುತ್ತದೆ. ಚಿಮ್ಮು ಎಲ್ಲಿದ್ದರೂ ಓಡಿಬರುತ್ತದೆ. ಅದನ್ನು ನೋಡಿದಾಗಲೆಲ್ಲ ನಾಗಿ, "ನಮ್ಮ ಹೆಂಗಸ್ರನ್ನ ನೋಡೇ ಮಾಡಿದ್ರೇನ" ಎಂದು ನಗುತ್ತಿದ್ದಳು.

ಮೊಬೈಲಿನ ಆಟ ಹಾಗಿರಲಿಲ್ಲ. "ಇದು ಟಿವಿಯವ್ರೇ ಒಪ್ಪಿಗೆ ಕೊಟ್ಟ ಆಟ ಆಯಿ, ಡೂಪ್ಲಿಕೇಟ್ ಅಲ್ಲ" ಎಂದು ವೀಣಾ ಹೇಳಿದ್ದಳು. ಚಿತ್ರವೇನೋ ಅದೇ. ಆದರೆ ಚಿಮ್ಮುವಿನ ಕಾಲು ನೆಲದೊಳಗೆ ಹೂತು ಹೋಗುತ್ತಿತ್ತು. ಎಡಕ್ಕೆ ತಳ್ಳಿದರೆ ಒಮ್ಮೊಮ್ಮೆ ಬಲಕ್ಕೆ ಓಡುತ್ತಿತ್ತು. ಹಾಡು ಅರ್ಧಕ್ಕೇ ನಿಂತು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ತಾಯಿ ನೀರುನಾಯಿಯಂತೂ ಮೊದಲ ಚಿತ್ರ ಬಿಟ್ಟರೆ ಆಟದಲ್ಲೆಲ್ಲೂ ಇರಲಿಲ್ಲ.

ತಾಯಿಯ ದನಿ ಮಾತ್ರ ಇತ್ತು. ಆಟದಲ್ಲಿ 'ಕಪ್ಪು' ಎಂಬ ಭೂತ ಬರುತ್ತದೆ. ಮಾಡಿದವರು ಅದಕ್ಕೆ ಹೊಸ ದನಿ ಹುಡುಕುವ ತೊಂದರೆ ತೆಗೆದುಕೊಳ್ಳದೆ, ಟಿವಿಯಲ್ಲಿನ ತಾಯಿಯ ಕರೆಯನ್ನೇ ಎತ್ತಿ, ನಿಧಾನ ಮಾಡಿ ಹಾಕಿದ್ದರು. "ಕೂ... ಬಾ ಮಗೂ, ಬಾ." ಆ ದನಿ ಕೇಳಿದೊಡನೆ ತೆರೆಯ ಮೇಲಿಂದ ಬೆರಳೆತ್ತಿ ಅಲುಗದೆ ಇರಬೇಕು. ಅಲುಗಿದರೆ ಕಪ್ಪು ನುಂಗಿಬಿಡುತ್ತದೆ.

"ಅಜ್ಜೀ, ಇದ್ರಲ್ಲಿ ಕೂ ಅಂದ್ರೆ ಅಮ್ಮ ಬರುದಿಲ್ಲ, ಕಪ್ಪು ಬರ್ತದೆ" ಎಂದು ಪ್ರಗತಿ ಒಂದು ಮಧ್ಯಾಹ್ನ ಹೇಳಿದಳು. ಅವಳ ಮುಖ ಬಿಳುಚಿಕೊಂಡಿತ್ತು.

"ಹೆದ್ರಿಕೆ ಆದ್ರೆ ಆಡುದೆಂತಕೆ? ಇಡು ಅತ್ಲಾಗೆ" ಎಂದು ನಾಗಿ ಮೀನು ತೊಳೆಯಲು ಹೋದಳು. ಮರುದಿನ ಹಿತ್ತಲಿನಿಂದ ಊಟಕ್ಕೆ "ಕೂ" ಎಂದು ಕರೆದಾಗ ಹುಡುಗಿ ಅಂಗಳದಲ್ಲಿ ಕಣ್ಣುಮುಚ್ಚಿ ಕಂಬದಂತೆ ನಿಂತಿದ್ದಳು. ಆಟವಾಡುತ್ತಿದ್ದಾಳೆಂದು ನಾಗಿ ನಕ್ಕು ಸುಮ್ಮನಾದಳು.

ಆ ವಾರ ನಾಗಿ ಪ್ರಗತಿಯನ್ನೂ ಹೊಳೆಗೆ ಕರೆದೊಯ್ದಳು. ಇಳಿತದಲ್ಲಿ ಹೊಳೆಯ ನಡುವೆ ಮರಳಿನ ದಿಬ್ಬವೊಂದು ಬರಿದಾಗಿ ಮೇಲೇಳುತ್ತದೆ. ಹುಡುಗಿಯನ್ನು ಬಳಚಿನ ಚೀಲಗಳ ಜತೆ ಅಲ್ಲಿ ಕೂರಿಸಿ, ಹೆಂಗಸರು ಆಚೆಯ ನೀರಿಗಿಳಿದರು.

"ಮೊಮ್ಮಗಳಿಗೆ ಈಗ್ಲೇ ಕೆಲ್ಸ ಕಲ್ಸುಕೆ ತಂದ್ಯನೇ?" ಎಂದು ಪಕ್ಕದ ಮನೆಯ ಜಾನಕಿ ಕೆಣಕಿದಳು.

"ಚೀಲ ಕಾಯ್ಲಿ ಅಂತ ತಂದದ್ದು. ನಿನ್ನ ಕೈ ಉದ್ದ ಅಲ್ದೇ?" ಎಂದಳು ನಾಗಿ. ಎಲ್ಲರೂ ನಕ್ಕರು.

ನಗು ಮುಗಿಯುವುದರೊಳಗೆ ಪಡುವಣ ಗಾಳಿ ಎದ್ದಿತು. ಸೊಂಟದಲ್ಲಿದ್ದ ನೀರು ತಣ್ಣಗೆ ಹೊಟ್ಟೆಯ ಮೇಲಕ್ಕೆ ಸರಿಯಿತು. ನೀರು ತಿರುಗಿತ್ತು, ಎಣಿಸಿದ್ದಕ್ಕಿಂತ ಬೇಗ. ನಾಗಿ ಹೊರಳಿ ನೋಡಿದಳು. ದಿಬ್ಬದ ಅಂಚು ಕರಗುತ್ತಿತ್ತು.

"ಕೂ..." ಎಂದಳು.

ಮರಳಲ್ಲಿ ಗೆರೆ ಎಳೆಯುತ್ತಿದ್ದ ಪ್ರಗತಿ ಎದ್ದು ನಿಂತಳು. ನಿಂತವಳು ಅಲ್ಲಿಂದ ಕದಲಲಿಲ್ಲ.

"ಕೂ...! ಬಾ ಮಗಾ, ಬಾ!"

ಹುಡುಗಿ ಕಣ್ಣು ಮುಚ್ಚಿದಳು. ಜಾನಕಿಯೂ ಕೂಗಿದಳು. ದಡದತ್ತ ಹೊರಟಿದ್ದ ಹೆಂಗಸರೆಲ್ಲ ತಿರುಗಿ ನಿಂತು ಕೂಗಿದರು. ಕೂಗು ಹೆಚ್ಚಿದಷ್ಟೂ ಹುಡುಗಿ ಬಿಗಿಯಾದಳು. ಖಾಲಿ ಚೀಲವೊಂದು ತೇಲಿ ಅವಳ ಕಾಲಿಗೆ ತಾಗಿ ಮುಂದೆ ಹೋಯಿತು. ದಡದ ಕಡೆಗೆ ನಡೆದು ಬರಲು ಇದ್ದ ಮರಳಿನ ಸಣ್ಣ ದಾರಿ ಇನ್ನೂ ಕಾಣುತ್ತಿತ್ತು. ಈಗ ಓಡಿದರೆ ದಾಟಬಹುದು. ನಾಗಿ ಎದೆಯುದ್ದದ ನೀರನ್ನು ಸೀಳಿಕೊಂಡು ಅಲ್ಲಿಗೆ ಮುಟ್ಟುವಷ್ಟರಲ್ಲಿ ಅದು ಮುಳುಗಿರುತ್ತದೆ.

"ಕಿವಿ ಕೇಳುದಿಲ್ವೇನೇ ಈ ಹೆಣ್ಣಿಗೆ?" ಎಂದು ಜಾನಕಿ ಅಳುದನಿಯಲ್ಲಿ ಕಿರುಚಿದಳು.

ಆಗ ನಾಗಿಗೆ ಪ್ರಗತಿಯ ಕೈ ಕಂಡಿತು. ತೋರುಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿದಿದ್ದಳು, ಮೊಬೈಲಿನ ಮೇಲಿಂದ ಎತ್ತಿದ ಹಾಗೆ.

ಹುಡುಗಿಗೆ ಕೇಳುತ್ತಿತ್ತು. ಕೇಳುತ್ತಿದ್ದುದರಿಂದಲೇ ಅವಳು ಅಲುಗುತ್ತಿರಲಿಲ್ಲ. ಇಷ್ಟು ಹೊತ್ತು ಅವಳನ್ನು ಅಲ್ಲಿ ಕಟ್ಟಿಹಾಕಿದ್ದು ತನ್ನದೇ ಕೂಗು. ಇನ್ನು ಕೂಗಲು ಉಳಿದದ್ದು ಒಂದೇ. ಹುಡುಗಿಯ ಹೆಸರು. ಸುತ್ತ ನೀರಿತ್ತು. ಬೀರುವಿನ ಊದಿದ ಮುಖ ಕಣ್ಣೆದುರು ಬಂತು.

"ಪ್ರಗತೀ!"

ಹೆಂಗಸರೆಲ್ಲ ಒಮ್ಮೆಲೇ ಸುಮ್ಮನಾದರು. ದಿಬ್ಬದ ಮೇಲೆ ಹುಡುಗಿ ಕಣ್ಣು ಬಿಟ್ಟಳು.

"ಪ್ರಗತೀ, ಓಡು! ದಡಕ್ಕೆ ಓಡೇ!"

ಅವಳು ಓಡಿದಳು. ಮೊಣಕಾಲು ನೀರು, ತೊಡೆ ನೀರು, ಒಮ್ಮೆ ಮುಗ್ಗರಿಸಿ ಮತ್ತೆ ಎದ್ದಳು. ದಡದ ಹತ್ತಿರವಿದ್ದ ಹೆಂಗಸೊಬ್ಬಳು ನೀರಿಗೆ ಹಾರಿ ಅವಳ ತೋಳು ಹಿಡಿದೆಳೆದಳು. ನಾಗಿ ಬಂದು ಮುಟ್ಟಿದಾಗ ಹುಡುಗಿ ಗಡಗಡ ನಡುಗುತ್ತಿದ್ದಳು. ಹಿಂದೆ ದಿಬ್ಬವಿದ್ದ ಜಾಗದಲ್ಲಿ ಬರೀ ನೀರು.

"ಕಪ್ಪು ಅಂದ್ಕಂಡೆ ಅಜ್ಜೀ" ಎಂದು ಪ್ರಗತಿ ಬಿಕ್ಕಿದಳು. "ಅದಕ್ಕೆ ನನ್ನ ಹೆಸ್ರು ಗೊತ್ತಿಲ್ಲ. ನೀ ಹೆಸ್ರು ಹೇಳಿದ್ಮೇಲೆ ನೀನೇ ಅಂತ ಗೊತ್ತಾಯ್ತು."

ಸದಾ ಕೆಣಕುವ ಜಾನಕಿ ಕೂಡ ನಾಗಿಯ ಮುಖ ನೋಡದೆ ಸೀರೆ ಹಿಂಡುತ್ತ ಕುಳಿತಳು. ಕೂಗಿದ ಹೆಸರು ಎಲ್ಲರ ಕಿವಿಗೂ ಬಿದ್ದಿತ್ತು. ಹೊಳೆಗೂ ಬಿದ್ದಿತ್ತು.

ಸಂಜೆಯಾಗುವ ಮೊದಲೇ ನಾಗಿ ಮೊಮ್ಮಗಳನ್ನು ಕರೆದುಕೊಂಡು ಅಂಕೋಲೆಯಿಂದ ಕಾರವಾರದ ಬಸ್ಸು ಹತ್ತಿದಳು. ಅವಳನ್ನು ಹೊಳೆಯಿಂದ ದೂರ ಒಯ್ದು ವೀಣಾಳ ಕೈಗೆ ಒಪ್ಪಿಸುವ ತನಕ ಎದೆಯ ಡವಡವ ನಿಲ್ಲುವಂತಿರಲಿಲ್ಲ. ಪ್ರಗತಿ ಮಾತ್ರ ಆಗಲೇ ಹಗುರಾಗಿದ್ದಳು. ಕಿಟಕಿಗೆ ಮೂಗು ಒತ್ತಿ, ಆಟವನ್ನು ಅಳಿಸಿಹಾಕಲು ಅಮ್ಮನಿಗೆ ಹೇಳುತ್ತೇನೆ, ಟಿವಿಯ ಚಿಮ್ಮು ಮಾತ್ರ ಸಾಕು ಎಂದು ಹರಟುತ್ತಿದ್ದಳು. ಬಸ್ಸು ಹಳ್ಳವೊಂದರ ಸೇತುವೆಗೆ ಏರುತ್ತಿದ್ದಂತೆ ಪಕ್ಕದ ಸೀಟಿನ ಮುದುಕರೊಬ್ಬರು ಅವಳತ್ತ ಬಾಗಿ ಕೇಳಿದರು:

"ಎಷ್ಟು ಚಂದ ಮಾತಾಡ್ತೀಯೇ! ನಿನ್ನ ಹೆಸ್ರೆಂತ ಮಗಾ?"

ಹುಡುಗಿ ಬಾಯಿ ತೆರೆದಳು. ನಾಗಿ ಥಟ್ಟನೆ ಅಂಗೈಯಿಂದ ಅದನ್ನು ಮುಚ್ಚಿದಳು. ಕೆಳಗೆ ನೀರು ಉಬ್ಬರದಲ್ಲಿ ಕಂದು ಬಣ್ಣಕ್ಕೆ ತಿರುಗಿ ತುಂಬಿ ಹರಿಯುತ್ತಿತ್ತು. ಮುದುಕರು ಬೆಪ್ಪಾಗಿ ನೋಡುತ್ತಿದ್ದರು. ಸೇತುವೆ ದಾಟಿ, ಎರಡೂ ಕಡೆ ಗದ್ದೆ ಕಾಣುವವರೆಗೆ ನಾಗಿ ಕೈ ತೆಗೆಯಲಿಲ್ಲ.

"ಈಗ ಹೇಳು" ಎಂದಳು ಆಮೇಲೆ. "ಮೆಲ್ಲಗೆ ಹೇಳು."